ಚೈನ್ ಸಾ ಕಾರ್ಬೊರೇಟರ್ ಕಿಟ್: ಯಾವ ಮೆಷಿನ್ನಿಗೆ ಬೇಕು, ಯಾವುದಕ್ಕೆ ದಂಡ

ಮಳೆಗಾಲವಿಡೀ ಸ್ಟೋರಿನಲ್ಲಿ ಕೂತಿದ್ದ ಚೈನ್ ಸಾ ಹಗ್ಗ ಎಳೆದಾಗ ಸ್ಟಾರ್ಟ್ ಆಗುತ್ತೆ, ಹತ್ತು ಎಣಿಸುವಷ್ಟರಲ್ಲಿ ಆಫ್. ಗೋಣಿಕೊಪ್ಪಲಿರಲಿ, ಸೋಮವಾರಪೇಟೆ ಇರಲಿ, ಅಂಗಡಿಯಲ್ಲಿ ಕೇಳಿದರೆ ಬರುವ ಮೊದಲ ಮಾತು 'ಕಿಟ್ ಹಾಕಿ ನೋಡಿ' ಎಂದೇ. ತೋಟಗಳಲ್ಲಿ ಹೆಚ್ಚಾಗಿ ಕಾಣುವ 58 ಸಿಸಿ ಮೆಷಿನ್ನಿನ ವಾಲ್‌ಬ್ರೋ ಮಾದರಿ ಕಾರ್ಬೊರೇಟರಿಗೆ ಬರುವ, ಬ್ರ್ಯಾಂಡ್ ಹೆಸರಿಲ್ಲದ ಕಿಟ್ ಇದು. ಎರಡು ಡಯಾಫ್ರಾಮ್ (ತೆಳು ರಬ್ಬರ್ ಪೊರೆ), ಎರಡು ಗ್ಯಾಸ್ಕೆಟ್, ಸೂಜಿ, ಲಿವರ್, ಪಿನ್, ಸ್ಪ್ರಿಂಗ್, ಸಣ್ಣ ಜಾಲರಿ ಇರುತ್ತವೆ. ಸಾಮಾನು ಪರವಾಗಿಲ್ಲ, ಆದರೆ ಕೊಳ್ಳುವ ಅರ್ಧ ಜನಕ್ಕೆ ಅದು ಬೇಕಾಗಿಯೇ ಇರುವುದಿಲ್ಲ ಅನ್ನಿಸುತ್ತದೆ.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಮೆಷಿನ್ ಆಫ್ ಆಗುವ ಹೊತ್ತಿಗೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ. ಆಮೇಲೆ ಓಡುತ್ತಲೇ ಇದ್ದರೆ ಗಾಳಿ ಹೋಗುವ ದಾರಿ ಕಟ್ಟಿದೆ, ಅಷ್ಟೇ. ಇಲ್ಲವಾದರೆ ಟ್ಯಾಂಕಿನೊಳಗಿನ ಪೈಪನ್ನು ತಂತಿ ಕೊಕ್ಕೆಯಿಂದ ಹೊರಗೆಳೆದು ತುದಿಯ ಫಿಲ್ಟರ್ ನೋಡಿ, ಪೈಪನ್ನು ಬಗ್ಗಿಸಿ ಬಿರುಕಿದೆಯೇ ನೋಡಿ. ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲೇ ಅದು ಹೆಚ್ಚಾಗಿ ಸೀಳುವುದು. ಸ್ಲೋದಲ್ಲಿ ಚೆನ್ನಾಗಿದ್ದು ಮರಕ್ಕೆ ಇಟ್ಟಾಗ ಉಸಿರುಗಟ್ಟಿದರೆ ಏರ್ ಫಿಲ್ಟರ್, ಸೈಲೆನ್ಸರ್ ಜಾಲರಿಯ ಮಸಿ ತೆಗೆಯಿರಿ. ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ನಿಂತು, ತಣಿದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ.

ಚೋಕ್ ಎಳೆದಿದ್ದಾಗ ಓಡಿ, ಬಿಟ್ಟ ಕೂಡಲೇ ನಿಲ್ಲುವ ಮೆಷಿನ್ನಿಗೆ ಮಾತ್ರ, ಪೈಪು ಫಿಲ್ಟರ್ ಸರಿಯಿದ್ದರೆ, ಕಿಟ್ ಬೇಕು. ಎಂಜಿನ್ನಿನ ತಳಪೆಟ್ಟಿಗೆಯ (ಕ್ರ್ಯಾಂಕ್‌ಕೇಸ್) ಒತ್ತಡ ಏರಿಳಿದಂತೆಲ್ಲ ಪಂಪ್ ಡಯಾಫ್ರಾಮ್ ಬಡಿದುಕೊಂಡು ಪೆಟ್ರೋಲ್ ಎಳೆಯುತ್ತದೆ. ರಬ್ಬರ್ ಗಟ್ಟಿಯಾದರೆ ಆ ಬಡಿತ ಸಾಲದು. ಚೋಕಿನ ಹೆಚ್ಚುವರಿ ಎಳೆತವಿದ್ದಾಗಷ್ಟೇ ಪೆಟ್ರೋಲ್ ಬರುತ್ತದೆ. ಗಟ್ಟಿಯಾಗುವುದಕ್ಕೆ ಕಾರಣವೂ ಇದೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬೊರೇಟರಿಗೆ ಚೈನ್ ಸಾ ಮಾಡುವ ಸ್ಟಿಲ್ ಕಂಪನಿಯ ಮ್ಯಾನುಯಲ್ ಹೇಳುವ ಮಿತಿ 10%. ಮೇಲಾಗಿ ಎಥನಾಲ್ ಗಾಳಿಯ ನೀರನ್ನು ಹೀರುತ್ತದೆ. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ತೇವದಲ್ಲಿ ಆಯಿಲ್ ಬೆರೆಸಿದ ಮಿಕ್ಸಿಂಗ್ ಪೆಟ್ರೋಲ್ ತುಂಬಿಸಿಟ್ಟ ಟ್ಯಾಂಕಿನ ಗತಿ ಕೇಳಬೇಕೆ.

ಕಿಟ್ಟಿನ ದೊಡ್ಡ ಕೊರತೆ ಎಂದರೆ ಜೋಡಿಸುವ ಕ್ರಮ ತಿಳಿಸುವ ಒಂದು ಚೀಟಿಯೂ ಒಳಗಿಲ್ಲ. ವಾಲ್‌ಬ್ರೋದ ಡಬ್ಲ್ಯೂಟಿ ಮಾದರಿಯಲ್ಲಿ ಲಿವರ್ ಇರುವ ಕಡೆ ಬಾಡಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್. ಪಂಪಿನ ಕಡೆ ಉಲ್ಟಾ: ಮೊದಲು ಡಯಾಫ್ರಾಮ್, ಮೇಲೆ ಗ್ಯಾಸ್ಕೆಟ್. ಇದು ಅದಲುಬದಲಾಗಿ 'ಕಿಟ್ ಸರಿಯಿಲ್ಲ' ಎಂದು ವಾಪಸ್ ಬರುವವರೂ ಇದ್ದಾರೆ. ಪಂಪಿನ ಕಡೆಯ ಕವರ್ ಬಿಚ್ಚಿದಾಗ ಒಳಗೆ ರೂಪಾಯಿಗಿಂತ ಸಣ್ಣ ಜಾಲರಿ ಕಾಣುತ್ತದೆ. ಅದರ ಮೇಲೆ ಹಲಸಿನ ಮೇಣದಂಥ ಹಳದಿ ಅಂಟು ಕೂತಿದ್ದರೆ ಕಳ್ಳ ಅದೇ. ಸೂಜಿಯಿಂದ ಕೆರೆಯಬೇಡಿ, ಹೊಸದು ಕಿಟ್ಟಿನಲ್ಲೇ ಇದೆ. ತೂತುಗಳಿಗೆ ಕಾರ್ಬೊರೇಟರ್ ಕ್ಲೀನರ್ ಹೊಡೆಯಿರಿ, ಆದರೆ ರಬ್ಬರ್ ತೆಗೆದಿಟ್ಟ ಮೇಲೆ.

ಪೆಟ್ರೋಲ್ ಬಿಡುವ ಸೂಜಿಯನ್ನು ಎತ್ತುವ, ಕಿಟ್ಟಿನ ಲಿವರ್ ಬಗ್ಗೆ ನಂಬಿಕೆ ಕಡಿಮೆ. ಬಾಡಿಯ ಅಂಚಿಗಿಂತ ಸುಮಾರು 1.6 ಮಿ.ಮೀ. ಕೆಳಗೆ ಅದರ ತುದಿ ನಿಲ್ಲಬೇಕು. ಕಿಟ್ಟಿನದು ಹಾಗೇ ಕೂರುತ್ತದೆ ಎಂಬ ಖಾತ್ರಿಯಿಲ್ಲ. ತಗ್ಗಿದರೆ ಪೆಟ್ರೋಲ್ ಸಾಲದೆ ಹಳೇ ಕಾಯಿಲೆಯೇ ಮರಳುತ್ತದೆ, ಎತ್ತರವಾದರೆ ಪ್ಲಗ್ ತೋಯುತ್ತದೆ. ಹಳೆಯದು ಸವೆದಿಲ್ಲದಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಜಾಣತನ. ಸ್ಪ್ರಿಂಗನ್ನು ಎಳೆದು ಉದ್ದ ಮಾಡಬೇಡಿ.

ಜೋಡಿಸಿದ ಮೇಲೆ ಎಲ್ ಸ್ಕ್ರೂವನ್ನು (ಸ್ಲೋ ಓಟಕ್ಕೆ ಪೆಟ್ರೋಲ್ ಹೊಂದಿಸುವುದು) ಮೆತ್ತಗೆ ತಳ ಮುಟ್ಟಿಸಿ ಒಂದು ಸುತ್ತು ಬಿಚ್ಚಿ. ರೇಸ್ ಕೊಟ್ಟಾಗ ಗಕ್ಕನೆ ನಿಂತರೆ ಅರೆಕಾಲು ಸುತ್ತು ಇನ್ನೂ ಬಿಚ್ಚಿ. ಸ್ಲೋದಲ್ಲಿ ಚೈನ್ ತಿರುಗಬಾರದು. ತಿರುಗಿದರೆ ಐಡಲ್ ಸ್ಕ್ರೂ ಬಿಚ್ಚಿ ಸ್ಲೋ ವೇಗ ಇಳಿಸಿ.

ಡಯಾಫ್ರಾಮ್ ಮೃದುವಾಗಿದೆ, ಗ್ಯಾಸ್ಕೆಟ್ ಕೊಂಚ ತೆಳು. ಇಡೀ ಹೊಸ ಕಾರ್ಬೊರೇಟರಿಗಿಂತ ಕಿಟ್ ಅಗ್ಗವಂತೂ ಹೌದು. ಅಗ್ಗದ ಹೊಸ ಕಾರ್ಬೊರೇಟರ್ ಕೂಡ ಲಿವರ್ ಎತ್ತರ ಪರೀಕ್ಷಿಸದೇ ಬಂದಿರಬಹುದು. ಒಂದು ತೊಂದರೆ ಮಾತ್ರ ಕಿಟ್ಟಿನಿಂದ ಬಗೆಹರಿಯುವುದಿಲ್ಲ: ರೇಸ್ ಕೊಟ್ಟಾಗ ತಿರುಗುವ ಥ್ರಾಟಲ್ ಶಾಫ್ಟ್ ಸವೆದು ಸಡಿಲವಾಗಿ ಆಡುತ್ತಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ, ಆಗ ಇಡೀ ಕಾರ್ಬೊರೇಟರ್ ಬದಲಿಸಬೇಕು. ಕೊಳ್ಳಲು ಹೋಗುವಾಗ 58 ಸಿಸಿ ಎಂದಷ್ಟೇ ಹೇಳದೆ ಕಾರ್ಬೊರೇಟರನ್ನೇ ಬಿಚ್ಚಿ ಒಯ್ಯಿರಿ. ಬಾಡಿಯ ಮೇಲೆ ಕೆತ್ತಿದ ಗುರುತು ನೋಡಿ, ಡಯಾಫ್ರಾಮಿನ ತೂತುಗಳನ್ನು ಹಳೆಯದರ ಮೇಲಿಟ್ಟು ಹೊಂದಿಸಿಯೇ ದುಡ್ಡು ಕೊಡಿ.