ಕಾಮಿಕ್ಸ್ ಫೆಸ್ಟ್‌ನಲ್ಲಿ ಟೇಬಲ್ ಹಿಡಿಯುವ ಮುಂಚೆ ಇದನ್ನೊಮ್ಮೆ ಓದಿ

ಕಾಮಿಕ್ಸ್ ಬರೆಯುವವರು, ಸ್ಟಿಕರ್ ಪ್ರಿಂಟ್ ಮಾರುವವರು, ಸ್ವಂತ ದುಡ್ಡಲ್ಲಿ ಪುಸ್ತಕ ಅಚ್ಚು ಹಾಕಿಸಿಕೊಂಡು ಮನೆ ತುಂಬ ಬಂಡಲ್ ಇಟ್ಟುಕೊಂಡವರು, ಎಲ್ಲರೂ ಸ್ವಲ್ಪ ಇಲ್ಲಿ ನೋಡಿ. ಫೆಸ್ಟ್ ಸೀಸನ್ ಮತ್ತೆ ಶುರುವಾಗಿದೆ. "ನಿಮ್ಮ ಆರ್ಟ್ ತುಂಬಾ ಇಷ್ಟ ಆಯ್ತು, ನಮ್ಮ ಫೆಸ್ಟ್‌ನಲ್ಲಿ ಟೇಬಲ್ ತಗೊಳ್ತೀರಾ" ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಬರುತ್ತಿದೆ. ಟೇಬಲ್ ಅಂದರೆ ಬಾಡಿಗೆ ಕಟ್ಟಿ ನಮ್ಮ ಪುಸ್ತಕ, ಪ್ರಿಂಟ್ ಇಟ್ಟು ಮಾರುವ ಜಾಗ. ನನಗೂ ಹಾಗೇ ಬಂದಿತ್ತು. ಅದೇ ತಂಡ ಈಗ ಬೇರೆ ಹೆಸರಲ್ಲಿ, ಬೇರೆ ಊರಲ್ಲಿ ಟೇಬಲ್ ಮಾರುತ್ತಿದೆ ಅಂತ ಗೆಳತಿಯೊಬ್ಬಳು ಹೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ವಿಷಯ ವಕೀಲರ ಹತ್ತಿರ ಹೋಗಿದೆ. ಹಾಕಿದರೂ ಏನು ಪ್ರಯೋಜನ, ಹೆಸರನ್ನು ಅವರು ಪ್ರತಿ ಸಲ ಬದಲಾಯಿಸುತ್ತಾರೆ.

ಪೋಸ್ಟರ್ ನೋಡಿದರೆ ಭಾರಿ ಕಾರ್ಯಕ್ರಮ. ಎರಡು ದಿನ, ಬೆಂಗಳೂರಿನಲ್ಲಿ, ಕಾಮಿಕ್ಸ್ ಮತ್ತು ಪುಸ್ತಕ ಪ್ರಿಯರಿಗೆ ಹಬ್ಬ, ಸಾವಿರಾರು ಜನ. ಪೋಸ್ಟರ್‌ನಲ್ಲಿದ್ದ ಜನಸಾಗರದ ಫೋಟೋ ಬೇರೆ ಯಾವುದೋ ಕಾರ್ಯಕ್ರಮದ್ದು ಅಂತ ಆಮೇಲೆ ಗೊತ್ತಾಯಿತು. "ಇವತ್ತು ರಾತ್ರಿಯೊಳಗೆ ಕಟ್ಟಿದರೆ ಅರ್ಲಿ ಬರ್ಡ್ ರೇಟ್, ನಾಳೆಯಿಂದ ಜಾಸ್ತಿ" ಅಂತ ಒತ್ತಡ ಬೇರೆ. ದುಡ್ಡು ಹಾಕಬೇಕಾಗಿದ್ದು ಕಂಪನಿಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಯುಪಿಐಗೆ. ಕೇಳಿದರೆ, "ಕರೆಂಟ್ ಅಕೌಂಟ್ ಪ್ರೋಸೆಸ್‌ನಲ್ಲಿದೆ ಮೇಡಂ, ಇವರು ನಮ್ಮ ಪಾರ್ಟ್‌ನರ್" ಅಂದರು. ಟೇಬಲ್ ಬಾಡಿಗೆಯ ಮೇಲೆ 18% ಜಿಎಸ್‌ಟಿ ಅಂತಲೂ ವಸೂಲಿ ಮಾಡಿದರು. ಕೇಳಿ ಕೇಳಿ ಕೊನೆಗೆ ಬಂದ ರಸೀದಿಯಲ್ಲಿದ್ದ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ಅದು ಯಾವುದೋ ಕೇಟರಿಂಗ್‌ನವರದ್ದು, ಅದೂ ರದ್ದಾದ ನಂಬರು!

ನಾನು ಶಿವಮೊಗ್ಗದವಳು. ಪುಸ್ತಕದ ಬಂಡಲ್, ಪ್ರಿಂಟ್‌ಗಳ ಫೋಲ್ಡರ್, ಬಟ್ಟೆ ಬ್ಯಾನರ್ ಎಲ್ಲ ಕಟ್ಟಿಕೊಂಡು, ಚಿಕ್ಕಮ್ಮನ ಮಗಳನ್ನೂ ಜೊತೆಗೆ ಹೊರಡಿಸಿಕೊಂಡು ಬಂದಿದ್ದೆ. ಜಾಗ ನೋಡಿದರೆ ಊರಾಚೆಯ ಒಂದು ಕಲ್ಯಾಣ ಮಂಟಪ. ಅದೇನೂ ತಪ್ಪಲ್ಲ, ಎಷ್ಟೋ ಒಳ್ಳೆಯ ಪುಸ್ತಕ ಮೇಳಗಳು ಮಂಟಪದಲ್ಲೇ ನಡೆದಿವೆ. ಆದರೆ ಮೇಲಿನ ಹಾಲ್‌ನಲ್ಲಿ ವೇದಿಕೆ, ಡಿಜೆ, ವಿಡಿಯೋ ಗೇಮ್, ಕಾಮಿಕ್ಸ್ ಪಾತ್ರಗಳ ವೇಷ ಹಾಕುವ ಕಾಸ್‌ಪ್ಲೇ ಸ್ಪರ್ಧೆ. "ಆರ್ಟಿಸ್ಟ್ ಆಲಿ", ಅಂದರೆ ಕಲಾವಿದರು ಕೂತು ಮಾರುವ ಸಾಲು, ಅಂತ ನಮ್ಮಿಂದ ದುಡ್ಡು ತಗೊಂಡಿದ್ದರಲ್ಲ, ಅದು ಕೆಳಗಿನ ಊಟದ ಹಾಲ್. ಕೈ ತೊಳೆಯುವ ಬೇಸಿನ್ ಪಕ್ಕದಲ್ಲಿ ನನ್ನ ಟೇಬಲ್. ಒಂದು ಪೂರ್ತಿ ಟೇಬಲ್‌ಗೆ ದುಡ್ಡು ಕಟ್ಟಿದ್ದರೆ ಸಿಕ್ಕಿದ್ದು ಅರ್ಧ, ಉಳಿದರ್ಧದಲ್ಲಿ ಮೈಸೂರಿನ ಇನ್ನೊಬ್ಬ ಹುಡುಗ. ಎರಡನೇ ಕುರ್ಚಿಗೆ ಬೇರೆ ದುಡ್ಡು. ಪ್ಲಗ್ ಪಾಯಿಂಟ್‌ಗೆ ಬೇರೆ ದುಡ್ಡು. ಕೆಳಗೆ ಇಷ್ಟು ಜನ ಕಲಾವಿದರು ಕೂತಿದ್ದಾರೆ ಅಂತ ಮೇಲೆ ಒಂದು ಬೋರ್ಡ್ ಆದರೂ ಬೇಡವಾ? ಅದೂ ಇಲ್ಲ. ನನ್ನ ತಂಗಿ ರಟ್ಟಿನ ಮೇಲೆ ಸ್ಕೆಚ್‌ಪೆನ್ನಲ್ಲಿ ಬಾಣದ ಗುರುತು ಬರೆದು ಮೆಟ್ಟಿಲ ಹತ್ತಿರ ಅಂಟಿಸಿದಳು. ವಾಲಂಟಿಯರ್ ಒಬ್ಬ ಬಂದು ಕಿತ್ತುಹಾಕಿದ, "ಬ್ರ್ಯಾಂಡಿಂಗ್ ಹಾಳಾಗುತ್ತೆ" ಅಂತೆ.

ಪಕ್ಕದಲ್ಲಿ ಹಳೆಯ ಪುಸ್ತಕ ಮಾರುವ ಹಿರಿಯರೊಬ್ಬರು ಕೂತಿದ್ದರು. ಹಳೇ ಅಮರ ಚಿತ್ರಕಥೆಗಳನ್ನು ಚೆನ್ನಾಗಿ ಜೋಡಿಸಿಕೊಂಡಿದ್ದರು. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು ಅಂತ ಬಂದ ಒಂದಿಬ್ಬರು ಮಕ್ಕಳಿಗೆ ಖುಷಿಯಿಂದ ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕಡೆ ತಿರುಗಿ, "ಏನಮ್ಮಾ, ಇಲ್ಲಿ ಮಾರೋರೇ ಕೊಳ್ಳೋರು ಆಗೋದ್ವಲ್ಲ" ಅಂದರು. ನಿಜ. ನಾನು ಮೈಸೂರಿನ ಹುಡುಗನ ಪುಸ್ತಕ ಕೊಂಡೆ, ಅವನು ನನ್ನದು ಕೊಂಡ, ಇಬ್ಬರೂ ಆ ಹಿರಿಯರ ಹತ್ತಿರ ಕೊಂಡೆವು.

ಇಷ್ಟೇ ಆಗಿದ್ದರೆ ಸುಮ್ನೆ ಬೈದುಕೊಂಡು ವಾಪಸ್ ಬರಬಹುದಿತ್ತು. ಅಸಲಿ ಪೆಟ್ಟು ಬಿದ್ದದ್ದು ಕ್ಯೂಆರ್ ಕೋಡ್‌ನಲ್ಲಿ. ಬೆಳಿಗ್ಗೆ ಟೇಬಲ್ ಜೋಡಿಸುವಾಗಲೇ ಎಲ್ಲರ ಮುಂದೆ ತಮ್ಮದೇ ಒಂದು ಕೋಡ್ ತಂದಿಟ್ಟರು. ಎಲ್ಲ ಮಾರಾಟವೂ ಅದರ ಮೂಲಕವೇ ಆಗಬೇಕು, ನಿಮ್ಮ ಫೋನ್ ಕೋಡ್ ತೋರಿಸಿದರೆ ಟೇಬಲ್ ಖಾಲಿ ಮಾಡಿಸುತ್ತೇವೆ, ಲೆಕ್ಕ ಹಾಕಿ 7 ಕೆಲಸದ ದಿನಗಳಲ್ಲಿ ಖಾತೆಗೆ ಹಾಕುತ್ತೇವೆ ಅಂದರು. ಈ ನಿಯಮ ಫಾರಂನಲ್ಲಿ ಇರಲೇ ಇಲ್ಲ. ಊರಿಂದ ಸಾಮಾನು ಹೊತ್ತು ತಂದವರು ಆ ಹೊತ್ತಲ್ಲಿ ಏನು ಮಾಡಬೇಕು ಹೇಳಿ. ಎರಡನೇ ದಿನ ಸಂಜೆ ಮೇಲಿನಿಂದ ಒಂದಷ್ಟು ಕಾಲೇಜು ಮಕ್ಕಳು ಇಳಿದು ಬಂದು ವ್ಯಾಪಾರ ಸ್ವಲ್ಪ ಚೆನ್ನಾಗೇ ಆಯಿತು. ಆ ದುಡ್ಡು ಇವತ್ತಿನವರೆಗೂ ಬಂದಿಲ್ಲ. ಮೊದಲು "ಬ್ಯಾಂಕ್ ಹಾಲಿಡೇ", ಆಮೇಲೆ "ಅಕೌಂಟೆಂಟ್ ಊರಲ್ಲಿಲ್ಲ", ಆಮೇಲೆ ಫೋನೇ ಎತ್ತಲ್ಲ. ವಾಟ್ಸಾಪ್ ಗ್ರೂಪ್‌ನಲ್ಲಿ ಗಟ್ಟಿಯಾಗಿ ಕೇಳಿದವರನ್ನು ಒಬ್ಬೊಬ್ಬರನ್ನಾಗಿ ತೆಗೆದುಹಾಕಿದರು.

ಇದನ್ನೆಲ್ಲ ಕೂತು ಯೋಚನೆ ಮಾಡಿದಾಗ ನನಗೆ ಹೊಳೆದ ಮಾತು ಒಂದೇ. ಈ ಫೆಸ್ಟ್‌ಗೆ ಜನ ಬರಲೇಬೇಕು ಅಂತ ಆಯೋಜಕರಿಗೆ ಇರಲೇ ಇಲ್ಲ. ಪ್ರವೇಶ ಉಚಿತ, ಹೇಳಿಕೊಳ್ಳುವಂಥ ಸ್ಪಾನ್ಸರ್ ಇಲ್ಲ. ದುಡ್ಡು ಬಂದದ್ದು ನಮ್ಮ ಟೇಬಲ್‌ಗಳಿಂದ. ಅಂದರೆ ಬಾಗಿಲು ತೆರೆಯುವ ಮುಂಚೆಯೇ ಅವರ ವ್ಯಾಪಾರ ಮುಗಿದಿತ್ತು, ಗಿರಾಕಿಗಳು ನಾವೇ.

2011ರಲ್ಲಿ ದೆಹಲಿಯಲ್ಲಿ ಶುರುವಾಗಿ ಮರುವರ್ಷ ಬೆಂಗಳೂರಿಗೂ ಬಂದ ಕಾಮಿಕ್ ಕಾನ್ ಇಂಡಿಯಾ ಮೇಳ ನೋಡಿ. ಅಲ್ಲಿ ಎಲ್ಲಾ ದುಬಾರಿ, ಬ್ರ್ಯಾಂಡ್‌ಗಳ ಗಲಾಟೆ ಜಾಸ್ತಿ ಅಂತ ನಾವೇ ಗೊಣಗುತ್ತೇವೆ. ಆದರೆ ನೋಡಲು ಬರುವವರು ಟಿಕೆಟ್ ಕೊಳ್ಳುತ್ತಾರೆ, ಸ್ಪಾನ್ಸರ್‌ಗಳು ದುಡ್ಡು ಹಾಕುತ್ತಾರೆ, ಹಾಗಾಗಿ ಜನ ಬರದಿದ್ದರೆ ಮೊದಲು ಹೊಡೆತ ಆಯೋಜಕರಿಗೇ. ಕನ್ನಡ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳ ಕಥೆ ಬೇರೆ ಥರ. ಧೂಳು, ಸೆಕೆ, ಊಟದ ಕ್ಯೂ ಏನೇ ಇರಲಿ, ಸರ್ಕಾರದ ಅನುದಾನದಲ್ಲಿ ನಡೆಯುವ ಸಮ್ಮೇಳನಕ್ಕೆ ಜನ ಹೇಗೂ ಬಂದೇ ಬರುತ್ತಾರೆ, ಬಂದವರು ಮಳಿಗೆ ಸುತ್ತುತ್ತಾರೆ.

ಹಾಗಂತ ಟೇಬಲ್ ದುಡ್ಡಿನಲ್ಲಿ ನಡೆಯುವುದೆಲ್ಲ ಮೋಸ ಅಂತ ನಾನು ಹೇಳಲ್ಲ. ಟೋಕಿಯೋದ ಕಾಮಿಕೆಟ್ ಅನ್ನುವ ಕಾಮಿಕ್ಸ್ ಮೇಳ 1975ರ ಡಿಸೆಂಬರ್‌ನಲ್ಲಿ 32 ತಂಡ, ಸುಮಾರು 700 ಜನ ಸೇರಿ ಶುರುವಾದದ್ದು. ತಾವೇ ಬರೆದು ತಾವೇ ಅಚ್ಚು ಹಾಕಿಸಿದವರು ತಮ್ಮವರಿಗಾಗಿ ಮಾಡಿಕೊಂಡದ್ದು, ಸ್ವಯಂಸೇವಕರು ಈಗಲೂ ದುಡಿಯುತ್ತಾರೆ. ನಮ್ಮಲ್ಲೂ ನಾಲ್ಕು ಜನ ಸೇರಿ ಖರ್ಚು ಹಂಚಿಕೊಂಡು ಕೆಫೆಯಲ್ಲಿ ಸಣ್ಣದಾಗಿ ಮಾಡುವ ಮೇಳಗಳಿವೆ, ಅವಕ್ಕೆ ಖಂಡಿತ ಹೋಗಿ. ಅಲ್ಲಿ ಯಾರೂ ಸಾವಿರಾರು ಜನ ಬರುತ್ತಾರೆ ಅಂತ ಬುರುಡೆ ಬಿಡಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. 2014ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಡ್ಯಾಶ್‌ಕಾನ್ ಅಂತ ಒಂದು ಮೇಳ ನಡೆಯಿತು. ಮೊದಲ ದಿನವೇ ಹೋಟೆಲ್‌ಗೆ ಕೊಡಬೇಕು ಅಂತ ಬಂದ ಜನರ ಹತ್ತಿರವೇ 17,000 ಡಾಲರ್ ಎತ್ತಿದರು. ಮೇಳದೊಳಗಿನ ಒಂದು ಕಾರ್ಯಕ್ರಮ ರದ್ದಾಗಿ ಸಿಟ್ಟಾದವರಿಗೆ ಪರಿಹಾರ ಏನು ಗೊತ್ತಾ? ಪ್ಲಾಸ್ಟಿಕ್ ಚೆಂಡು ತುಂಬಿದ ಮಕ್ಕಳ ತೊಟ್ಟಿಯಲ್ಲಿ ಹೆಚ್ಚುವರಿ ಒಂದು ಗಂಟೆ ಆಟ. 2018ರಲ್ಲಿ ಬಾಲ್ಟಿಮೋರ್‌ನ ಯೂನಿವರ್ಸಲ್ ಫ್ಯಾನ್‌ಕಾನ್ ಇನ್ನೇನು ಒಂದು ವಾರ ಇದೆ ಅನ್ನುವಾಗ ನಿಂತುಹೋಯಿತು. ಟೇಬಲ್‌ಗೆ, ಹೋಟೆಲ್‌ಗೆ, ವಿಮಾನಕ್ಕೆ ದುಡ್ಡು ಹಾಕಿದ್ದ ಕಲಾವಿದರು ತಲೆ ಮೇಲೆ ಕೈ ಹೊತ್ತು ಕೂತರು.

ಓದುಗರಾಗಿ ಹೋದವರಿಗೂ ಟೋಪಿ ಬಿದ್ದಿದೆ. ಪ್ರವೇಶ ಉಚಿತ, ಆದರೆ "ಲೇಖಕರ ಜೊತೆ ಕಾಫಿ" ಅಂತ ವಿಐಪಿ ಪಾಸ್ ಮಾರಿದ್ದರು. ಲೇಖಕರಿಗೆ ಆ ವಿಷಯವೇ ಗೊತ್ತಿರಲಿಲ್ಲ, ಪಾಪ, ಭಾಷಣ ಮುಗಿಸಿ ಹೊರಟುಹೋದರು. ಪ್ರಕಾಶಕರಿಗೆ ನಿಮ್ಮ ಕೆಲಸ ತೋರಿಸುತ್ತೇವೆ ಅಂತ ಪೋರ್ಟ್‌ಫೋಲಿಯೊ ರಿವ್ಯೂಗೂ ಫೀಸ್ ಇತ್ತು. ಯಾವ ಪ್ರಕಾಶಕರೂ ಬರಲಿಲ್ಲ. ಕನ್ನಡ ಕಾಮಿಕ್ಸ್ ಬಗ್ಗೆ ಒಂದು ಗೋಷ್ಠಿ ಇತ್ತು, ಅದನ್ನು ಊಟದ ಹೊತ್ತಿಗೆ ತಳ್ಳಿದರು.

ಇನ್ನೊಂದು ವಿಷಯ, ಇದು ದುಡ್ಡಿಗಿಂತ ದೊಡ್ಡದು. ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ನೀವು ಕಳಿಸುವ ಚಿತ್ರಗಳ ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಜಗತ್ತಿನಾದ್ಯಂತ ಆಯೋಜಕರಿಗೆ ಸೇರುತ್ತವೆ ಅಂತ ಇತ್ತು. ನಾನು ಆ ಸಾಲು ಹೊಡೆದುಹಾಕಿ, ಪ್ರಚಾರಕ್ಕೆ ಮಾತ್ರ ಬಳಸಿ ಅಂತ ಬರೆದು ಕಳಿಸಿದ್ದೆ. ಮೈಸೂರಿನ ಹುಡುಗನೂ ಹಕ್ಕು ಬಿಟ್ಟುಕೊಟ್ಟಿರಲಿಲ್ಲ. ಆದರೂ ಅವನು ಪೋಸ್ಟರ್‌ಗೆ ಅಂತ ಕಳಿಸಿದ್ದ ಚಿತ್ರ ಅವರ ಟೀ-ಶರ್ಟ್ ಮೇಲೆ ಮೇಲಿನ ಹಾಲ್‌ನಲ್ಲಿ ಮಾರಾಟಕ್ಕಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾಯಿಸುವುದು ಬರಹದಲ್ಲಿ ಇರಬೇಕು, ನಿಮ್ಮ ಸಹಿಯೂ ಇರಬೇಕು. ಎಷ್ಟು ಕಾಲಕ್ಕೆ ಅಂತ ಹೇಳದಿದ್ದರೆ 5 ವರ್ಷ, ಎಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ "ಶಾಶ್ವತ", "ಜಗತ್ತಿನಾದ್ಯಂತ" ಅಂತ ತುರುಕುವುದು. ಇಂಥ ಪದ ಕಂಡರೆ ಅಲ್ಲೇ ನಿಲ್ಲಿ.

ದುಡ್ಡು ಕಟ್ಟುವ ಮುಂಚೆ ಮಂಟಪಕ್ಕೋ ಹಾಲ್‌ಗೋ ನೀವೇ ಫೋನ್ ಮಾಡಿ, ಆ ತಾರೀಖಿಗೆ ಯಾರ ಹೆಸರಲ್ಲಿ ಬುಕ್ ಆಗಿದೆ ಕೇಳಿ. ಹೇಳುತ್ತಾರೆ, ಏನೂ ಸಂಕೋಚ ಬೇಡ. ಜಿಎಸ್‌ಟಿ ಕೇಳಿದರೆ ನಂಬರು ಕೇಳಿ. 15 ಅಕ್ಷರ-ಅಂಕಿ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ, ಪೋರ್ಟಲ್‌ನಲ್ಲಿ ಹಾಕಿದರೆ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ಯಾರಿಗಾದರೂ ಕಾಣುತ್ತೆ. ಹೋದ ವರ್ಷ ಟೇಬಲ್ ಹಿಡಿದವರ ಪೈಕಿ ಇಬ್ಬರ ಹತ್ತಿರ ಮಾತಾಡಿಸಿ ಅನ್ನಿ. "ಇದೇ ಮೊದಲ ವರ್ಷ" ಅಂದರೆ, ಜನರನ್ನು ಕರೆತರಲು ಎಲ್ಲಿ ಎಷ್ಟು ಖರ್ಚು ಮಾಡುತ್ತಿದ್ದೀರಿ ಅಂತ ಕೇಳಿ, ಮುಖ ನೋಡಿ. ಮಾರಾಟದ ದುಡ್ಡು ನೇರ ನಿಮ್ಮ ಖಾತೆಗೇ ಬರಬೇಕು, ಇದರಲ್ಲಿ ಮಾತ್ರ ರಾಜಿ ಬೇಡ.

ನಮ್ಮ ಕೇಸಿನ ಸ್ಥಿತಿ ಇಷ್ಟು. ವಕೀಲರ ನೋಟಿಸ್ ಹೋಗಿದೆ, ಉತ್ತರ ಬಂದಿಲ್ಲ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. "ನೀವು ವ್ಯಾಪಾರಿಗಳು, ಗ್ರಾಹಕರಲ್ಲ" ಅಂತ ಅವರು ವಾದ ಹೂಡಬಹುದು. ಆದರೆ ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರು ಅಂತಲೇ ನೋಡುತ್ತೆ, ನಾವು ಹಿಡಿದಿರುವುದು ಆ ಎಳೆಯನ್ನೇ. ಕೊಟ್ಟ ದುಡ್ಡು 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕ ಇಲ್ಲ, ದೂರು ಕೊಡಲು 2 ವರ್ಷ ಕಾಲಾವಕಾಶ ಇದೆ, ಒಂದೇ ಥರ ತೊಂದರೆಯಾದವರ ಪರವಾಗಿ ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲೂ ಬರುತ್ತೆ. ಸುಮ್ನೆ ಮಾಹಿತಿ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆ ಎರಡು ದಿನ ಊಟದ ಹಾಲ್‌ನಲ್ಲಿ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಯುಪಿಐ ಸ್ಕ್ರೀನ್‌ಶಾಟ್, ಆ ಕ್ಯೂಆರ್ ಕೋಡಿನ ಫೋಟೋ, ವಾಟ್ಸಾಪ್ ಚಾಟ್ ಯಾವುದನ್ನೂ ಅಳಿಸಬೇಡಿ, ನನಗೆ ಮೆಸೇಜ್ ಮಾಡಿ. ಆ ಹಳೇ ಪುಸ್ತಕದ ಹಿರಿಯರ ಫೋನ್ ನಂಬರ್ ಇದ್ದವರಂತೂ ದಯವಿಟ್ಟು ತಿಳಿಸಿ. ಎಲ್ಲರಿಗಿಂತ ಜಾಸ್ತಿ ಮಾರಿದ್ದವರು ಅವರು, ಅವರಿಗೆ ವಾಟ್ಸಾಪ್ ಇಲ್ಲ.