ಮೇ ತಿಂಗಳ ಸೆಕೆಯಲ್ಲಿ ಹಳೆಯ ಕ್ರಿಸ್‌ಮಸ್ ಹಾಡುಗಳು

ಹಳೆಯ ಧ್ವನಿಮುದ್ರಣಗಳನ್ನು ಮತ್ತೆ ಹೊರತರುವ, ಅಮೆರಿಕದ ಅಟ್ಲಾಂಟಾದ ಡಸ್ಟ್ ಟು ಡಿಜಿಟಲ್ ಸಂಸ್ಥೆಯು 2004ರಲ್ಲಿ ಹೊರತಂದ 'ವೇರ್ ವಿಲ್ ಯು ಬಿ ಕ್ರಿಸ್‌ಮಸ್ ಡೇ?' ಎಂಬ ಕ್ರಿಸ್‌ಮಸ್ ಹಾಡುಗಳ ಸಂಕಲನವನ್ನು ನಾನು ಪೂರ್ತಿಯಾಗಿ ಕೇಳಿದ್ದು ಮೇ ತಿಂಗಳ ಒಂದು ಮಧ್ಯಾಹ್ನ, ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದಾಗ. ಇದರಲ್ಲಿ ವಿಚಿತ್ರವೇನೂ ಇಲ್ಲ. ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ತನ್ನ ಹೆಸರಾಂತ 'ವೈಟ್ ಕ್ರಿಸ್‌ಮಸ್' ಹಾಡನ್ನು ಧ್ವನಿಮುದ್ರಿಸಿದ್ದೂ 1942ರ ಮೇ 29ರಂದೇ. ಡಿಸೆಂಬರಿನಲ್ಲಿ ಅಂಗಡಿಗಳಲ್ಲೆಲ್ಲ ಮೊಳಗುವ ಅವೇ ಹತ್ತಾರು ಹಾಡುಗಳ ಗದ್ದಲವಿಲ್ಲದ ಬೇಸಿಗೆಯಲ್ಲಿ, ಅಪರೂಪದ ದನಿಗಳಿಗೆ ಕಿವಿ ಬಿಡುವಾಗಿರುತ್ತದೆ.

1917ರಿಂದ 1959ರವರೆಗಿನ ಧ್ವನಿಮುದ್ರಣಗಳನ್ನು ಇಲ್ಲಿ ಆಯ್ದು ಜೋಡಿಸಲಾಗಿದೆ. ಬ್ಲೂಸ್ (ಅಮೆರಿಕದ ಕಪ್ಪು ಜನರ ಅಳಲಿನ ಹಾಡು), ಕ್ಯಾಲಿಪ್ಸೊ (ಕೆರಿಬಿಯನ್ ದ್ವೀಪಗಳ ಹಾಡು), ಹಳ್ಳಿಗಾಡಿನ ಪಿಟೀಲು, ಚರ್ಚಿನ ಪ್ರವಚನ ಎಲ್ಲವೂ ಉಂಟು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬ್ಲೂಸ್ ಗಾಯಕ ಲಿರಾಯ್ ಕಾರ್ 1929ರಲ್ಲಿ ಹಾಡಿದ ಸೆರೆಮನೆಯ ಕ್ರಿಸ್‌ಮಸ್ ಗೀತೆ: ಹಬ್ಬದ ದಿನ ಕಂಬಿಯ ಹಿಂದೆ ಕುಳಿತವನ ಅಳಲನ್ನು ಆತ ಪಿಯಾನೊ ನುಡಿಸುತ್ತ, ದನಿಯೇರಿಸದೆ, ನೆರೆಯವನೊಡನೆ ಮಾತಾಡುವಷ್ಟು ಸಹಜವಾಗಿ ಹೇಳಿಕೊಳ್ಳುತ್ತಾನೆ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ ಹಾಡಿನ ಗತ್ತೇ ಬೇರೆ.

ಮೂಲ ಗ್ರಾಮಫೋನ್ ತಟ್ಟೆಗಳಲ್ಲಿ ಹೆಚ್ಚಿನವು ಅರಗು ಬೆರೆಸಿ ಮಾಡಿದವು (ಆ ಅರಗಿನಲ್ಲಿ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು). ಹಾಗಾಗಿ ಕೆಲವು ಹಾಡುಗಳ ಹಿಂದೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು ಬಿಡದೆ ಕೇಳುತ್ತದೆ. ಪ್ರವಚನದ ಬೆನ್ನಿಗೇ ಬ್ಲೂಸ್ ಬರುವ ಏರ್ಪಾಡು ಒಂದೇ ಬಾರಿಗೆ ಕೇಳುವವರನ್ನು ದಣಿಸಲೂಬಹುದು. ಹೆಡ್‌ಫೋನಿಗಿಂತ ಸ್ಪೀಕರಿನಲ್ಲಿ ಕೇಳುವುದು ಮೇಲು; ಆಗ ಆ ಸಿಡಿತ ಕೋಣೆಯಲ್ಲಿ ಕರಗಿ, ಹಾಡುವವರ ದನಿ ಮುಂದೆ ಬರುತ್ತದೆ.