ಬೇಗ ಮುಗಿಸೋದಾ, ದೊಡ್ಡದು ಮಾಡೋದಾ: ಒಬಾಮಾ 2009, ಬೈಡನ್ 2021

ಹೊಸ ಸರ್ಕಾರ ಬಂದ ಕೂಡಲೇ ರಸ್ತೆ, ಸೇತುವೆಗೆ ದುಡ್ಡು ಸುರಿಯಬೇಕು. ಹೇಗೆ? ಅಮೆರಿಕದಲ್ಲಿ ಎರಡು ಮಾದರಿಗಳಿವೆ.

ಒಬಾಮಾ 2009ರ ಜನವರಿ 20ಕ್ಕೆ ಅಧಿಕಾರಕ್ಕೆ ಬಂದರು. ಆರ್ಥಿಕ ಹಿಂಜರಿತಕ್ಕೆ ಮದ್ದಾಗಿ ಫೆಬ್ರವರಿ 17ಕ್ಕೇ 78,700 ಕೋಟಿ ಡಾಲರ್‌ನ ಉತ್ತೇಜನ ಕಾನೂನಿಗೆ ಸಹಿ ಬಿತ್ತು. ವೇಗ ಅಂದ್ರೆ ಇದು. ಆದರೆ ಒಳಗೆ ನೋಡಿ: ತೆರಿಗೆ ಕಡಿತ, ರಾಜ್ಯಗಳಿಗೆ ನೆರವು ಇವೇ ಜಾಸ್ತಿ. ಸಾರಿಗೆಗೆ ಸಿಕ್ಕಿದ್ದು ಸುಮಾರು 4,800 ಕೋಟಿ ಮಾತ್ರ. ಕೆಳಮನೆಯಲ್ಲಿ ವಿರೋಧ ಪಕ್ಷದ ಒಬ್ಬ ರಿಪಬ್ಲಿಕನ್ನರೂ ಪರವಾಗಿ ಮತ ಹಾಕಲಿಲ್ಲ.

ಬೈಡನ್ ಎರಡು ಹೆಜ್ಜೆ ಇಟ್ಟರು. 2021ರ ಮಾರ್ಚ್‌ನಲ್ಲಿ ಕೋವಿಡ್ ಪರಿಹಾರದ 1.9 ಲಕ್ಷ ಕೋಟಿ, ಅದೂ ಸ್ವಂತ ಪಕ್ಷದ ಮತದಿಂದಲೇ. ಮೂಲಸೌಕರ್ಯಕ್ಕೆ ಮಾತ್ರ ನವೆಂಬರ್ 15ರವರೆಗೆ ಕಾದರು. ಸುಮಾರು 2 ಲಕ್ಷ ಕೋಟಿಯ ಪ್ರಸ್ತಾವ ಚೌಕಾಸಿಯಲ್ಲಿ ಕರಗಿ 1.2 ಲಕ್ಷ ಕೋಟಿಗೆ ಇಳಿಯಿತು. ಅದರಲ್ಲೂ ಹೊಸ ದುಡ್ಡು 55,000 ಕೋಟಿ ಅಷ್ಟೇ, ಉಳಿದದ್ದು ಮಾಮೂಲಿ ಖರ್ಚು. ಹೆಡ್‌ಲೈನ್ ನೋಡಿ ಮೋಸ ಹೋಗಬೇಡಿ! ಆದರೂ ಮೇಲ್ಮನೆ ಸೆನೆಟ್‌ನಲ್ಲಿ 19 ರಿಪಬ್ಲಿಕನ್ನರು ಜೊತೆಗೆ ಬಂದರು. ಸೀಸದ ನೀರಿನ ಪೈಪ್ ಕಿತ್ತು ಬದಲಿಸೋದಕ್ಕೇ 1,500 ಕೋಟಿ ಇಟ್ಟರು. ನಿಧಾನದ ಬೆಲೆಯೂ ಇದೆ: ಬ್ರಾಡ್‌ಬ್ಯಾಂಡ್‌ನ ಸುಮಾರು 4,200 ಕೋಟಿಯ ಯೋಜನೆಯಿಂದ 2024 ಮುಗಿದರೂ ಒಂದು ಮನೆಗೂ ಸಂಪರ್ಕ ಸಿಗಲಿಲ್ಲ.

ಜನ ಕೆಲಸ ಕಳೆದುಕೊಳ್ಳುತ್ತಿದ್ದರೆ ನನ್ನ ಓಟು 2009ರ ದಾರಿಗೆ. ಸೇತುವೆಯೇ ಬೇಕಿದ್ದರೆ 2021ರದ್ದು. ಆದರೆ ರಿಬ್ಬನ್ ಕತ್ತರಿಸುವ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವರು ಇರಬಹುದು, ಅದಕ್ಕೆ ರೆಡಿ ಇರಬೇಕು ಅಲ್ವಾ?